ಐವಿ ಥ್ಯಾಕ್ರೆಯ ಅಂಗುಸ್ತಾನ

ಐವಿ ಥ್ಯಾಕ್ರೆ ಮೂವತ್ತೊಂದು ವರ್ಷದಿಂದ ವಿಮಾನಗಳಿಗೆ ಬಟ್ಟೆ ಹೊಲಿಯುತ್ತಿದ್ದಳು. ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಯಾರ್ಕ್‌ಶೈರಿನ ಆ ಹುಲ್ಲು ಮೈದಾನದ ಶೆಡ್ಡಿನಲ್ಲಿ ಅಜ್ಜನ ಕಾಲದ ತರಬೇತಿ ವಿಮಾನಗಳು ಐದಿದ್ದವು, ಐದೂ ಇನ್ನೂ ಹಾರುವಂಥವೇ. ಯಾವಾಗಲೂ ಒಂದಲ್ಲ ಒಂದರ ರೆಕ್ಕೆ ಇವಳ ಮುಂದೆ ಬೆತ್ತಲೆ ನಿಂತಿರುತ್ತಿತ್ತು. ಹಾರಲು ಪುರುಸೊತ್ತೆಲ್ಲಿ?

ಮರದ ಪಕ್ಕೆಲುಬುಗಳ ಮೇಲೆ ನಾರುಬಟ್ಟೆ ಎಳೆದು, ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಈಚೆ ಐವಿ, ಆಚೆ ಗಂಡ ವಿಲ್ಫ್. ಮೊಳದುದ್ದದ ಸೂಜಿಯನ್ನು ಇವಳು ಚುಚ್ಚಿದರೆ ಅವನು ಎಳೆದುಕೊಂಡು ವಾಪಸು ಚುಚ್ಚಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು. ಹಾಗಾಗಿ ಅವರ ಸಂಸಾರದ ದೊಡ್ಡ ಜಗಳಗಳೆಲ್ಲ ರೆಕ್ಕೆಯ ಮೂಲಕವೇ ನಡೆದಿದ್ದವು.

“ಅಯ್ಯಯ್ಯೋ, ಹೆಬ್ಬೆರಳು ಕಣೇ!”

“ನನ್ನ ತಂಗಿ ಮಾಡಿದ ಕೇಕು ಇಟ್ಟಿಗೆ ಥರ ಇತ್ತು ಅಂದ್ಯಲ್ಲ, ಅದಕ್ಕೆ.”

ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಬಣ್ಣದಲ್ಲಿ ಬರೆಸಿದ್ದವಳು ಐವಿಯೇ. ಒಂದು ಆಕಾರ ಖಾಲಿ ಉಳಿದರೂ, ಆ ಉಪಕರಣ ವಿಮಾನದೊಳಗೇ ಉಳಿದಿರಬಹುದೆಂದು, ವಿಮಾನ ಹೊರಡುವಂತಿಲ್ಲ. ಕಳೆದುಹೋದ ಒಂದು ಟೀ ಚಮಚ ಹುಡುಕಲು ಮುಖ್ಯ ಮೆಕ್ಯಾನಿಕ್ ಬಾರ್ನಬಿಯನ್ನು ಎರಡು ದಿನ ನೆಲದ ಮೇಲೆ ಮಂಡಿಯೂರಿಸಿದ್ದಳು. ಸೂಜಿ ಚುಚ್ಚದಂತೆ ಬೆರಳತುದಿಗೆ ಹಾಕುವ ಲೋಹದ ಅಂಗುಸ್ತಾನಕ್ಕೆ ಮಾತ್ರ ಹಲಗೆಯಲ್ಲಿ ಜಾಗವಿರಲಿಲ್ಲ. “ಅದೇನು ಉಪಕರಣವಾ? ಅದು ನನ್ನ ಬೆರಳು!” ಎಂದು ಅವಳೇ ವಾದಿಸಿ ಗೆದ್ದಿದ್ದಳು.

ಈ ಬೇಸಿಗೆಯಲ್ಲಿ ಐದರಲ್ಲೊಂದಾದ ಟೈಗರ್ ಮಾತ್ ಎಂಬ ವಿಮಾನದ, ಮೇಲೆರಡು ಕೆಳಗೆರಡು, ನಾಲ್ಕೂ ರೆಕ್ಕೆಗಳ ಬಟ್ಟೆ ಹೊಸದಾಯಿತು. ಶನಿವಾರ ಹಾರಾಟ ನೋಡಲು ಊರವರೆಲ್ಲ ಸೇರುವಾಗ ಅದನ್ನು ತಾನೇ ನಡೆಸುತ್ತೇನೆ, ಮುಂದಿನ ಸೀಟು ಐವಿಗೆ ಎಂದು ಬಾರ್ನಬಿ ಮಾತು ಕೊಟ್ಟ. ಅವಳು ಚರ್ಮದ ಟೋಪಿಯನ್ನು ಮೂರು ಸಲ ಹಾಕಿ ನೋಡಿಕೊಂಡಳು.

ಶುಕ್ರವಾರ ಏಪ್ರನ್ ಒಗೆಯಲು ಜೇಬು ಕೊಡವಿದರೆ ಮೂರಿರಬೇಕಾದ ಅಂಗುಸ್ತಾನಗಳು ಎರಡೇ. ಐವಿ ಶೆಡ್ಡಿಗೆ ಓಡಿದಳು. ಹಾಲು ಕುಡಿದ ಮಗುವಿನ ಬೆನ್ನು ತಟ್ಟುವ ಹಾಗೆ ಕೆಳಗಿನ ಎಡರೆಕ್ಕೆಯನ್ನು ತಟ್ಟಿ, ತುದಿ ಹಿಡಿದು ಅಲುಗಿಸಿದಳು. ಒಳಗೆಲ್ಲೋ ಟಿಣ್ ಎಂದಿತು. ಬುಡದ ಕಡೆ ಕೊನೆಯ ಹೊಲಿಗೆ ಹಾಕುವಾಗ ಬಿದ್ದಿರಬೇಕು.

“ನಂಗೇನೂ ಕೇಳಿಸ್ಲಿಲ್ಲ,” ಎಂದ ವಿಲ್ಫ್.

“ನಿಂಗೆ ಚರ್ಚಿನ ಗಂಟೆನೂ ಕೇಳ್ಸಲ್ಲ.”

“ಹಲಗೆ ಮೇಲೆ ಎಲ್ಲ ಭರ್ತಿ ಇದೆ. ಯಾರಿಗೂ ಗೊತ್ತಾಗಲ್ಲ. ಸುಮ್ನೆ ಹಾರಿ ಬಾರೇ. ಈಗ ಬಟ್ಟೆ ಕೊಯ್ದರೆ ನಾಳೆ ಹಾರೋದು ಹೋಯ್ತು ಅಂತ್ಲೇ ಲೆಕ್ಕ.”

ಅದು ಅವಳಿಗೂ ಗೊತ್ತಿತ್ತು. ಟೋಪಿಯನ್ನೊಮ್ಮೆ ನೋಡಿದಳು, ಮೂಗು ಸೀಟಿಕೊಂಡಳು, ಬಾರ್ನಬಿಯನ್ನು ಕರೆದಳು.

ಅವನು ಎಲ್ಲ ಕೇಳಿ, ಬಲು ಗಂಭೀರವಾಗಿ ದಾಖಲೆ ಪುಸ್ತಕ ತೆರೆದ. “ಏನಂತ ಬರೀಲಿ, ಮಿಸೆಸ್ ಥ್ಯಾಕ್ರೆ? ಬೆರಳು ಕಳೆದಿದೆ ಅಂತಲಾ?”

“ಬರ್ಕೋ, ಬರ್ಕೋ. ಟೀ ಚಮಚದ ಸೇಡು ತೀರಿಸ್ಕೋ.”

ಆರು ವಾರದ ತನ್ನ ಕೆಲಸಕ್ಕೆ ತಾನೇ ಕತ್ತರಿ ಇಟ್ಟಳು. ಅಂಗೈಯಗಲ ಬಟ್ಟೆ ಬಿಡಿಸಿ ಟಾರ್ಚಿನ ಬೆಳಕು ಹಾಯಿಸಿದರೆ, ವಿಮಾನವನ್ನು ವಾಲಿಸುವ ತಂತಿಯ ರಾಟೆಗೆ ಆತುಕೊಂಡು ಅಂಗುಸ್ತಾನ ಕೂತಿತ್ತು. ಇನ್ನೊಂದು ಬೆರಳಗಲ ಸರಿದಿದ್ದರೆ ರಾಟೆಯೇ ಕಚ್ಚಿಕೊಂಡು ವಿಮಾನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬಾರ್ನಬಿಯ ತಮಾಷೆ ನಿಂತಿತು. ವಿಲ್ಫ್ ಹೋಗಿ ಮೂವರಿಗೂ ಟೀ ತಂದ. ಹೆಂಡತಿಯ ಕಪ್ಪಿಗೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದ್ದ.

ಶನಿವಾರ ಉಳಿದ ನಾಲ್ಕು ವಿಮಾನಗಳು ಜನರ ತಲೆಯ ಮೇಲೆ ಸುತ್ತು ಹಾಕುವಾಗ ಐವಿ ಶೆಡ್ಡಿನೊಳಗೆ ತೇಪೆ ಹೊಲಿಯುತ್ತಿದ್ದಳು. ಮಂಗಳವಾರ, ಬಣ್ಣದ ಕೊನೆಯ ಪದರ ಒಣಗಿದ ಮೇಲೆ, ಬೇಲಿಯಾಚೆಯ ಕುರಿಗಳನ್ನು ಬಿಟ್ಟರೆ ಪ್ರೇಕ್ಷಕರೇ ಇಲ್ಲದ ಮೈದಾನದಿಂದ ಟೈಗರ್ ಮಾತ್ ಅವಳನ್ನು ಹೊತ್ತು ಎದ್ದಿತು.

ಹಿಂದಿನ ಸೀಟಿನಿಂದ ಬಾರ್ನಬಿ ಎರಡು ಸೀಟುಗಳ ನಡುವಿನ ಮಾತಿನ ಕೊಳವೆಯಲ್ಲಿ ಕೂಗಿದ: “ಕೆಳಗೆ ನೋಡಿ, ನಿಮ್ಮನೆ!”

“ಮನೆ ಎಲ್ಲಿಗೂ ಓಡಿಹೋಗಲ್ಲ. ಆ ತೇಪೆ ಮೂಲೆ ಏಳ್ತಾ ಇದೆಯಾ ನೋಡು!”

“ನಾನು ವಿಮಾನ ನಡೆಸ್ಲಾ, ತೇಪೆ ನೋಡ್ಲಾ?”

“ಎರಡೂ ಮಾಡಪ್ಪಾ!” ಎಂದಳು ಐವಿ. ಇಪ್ಪತ್ತು ನಿಮಿಷ ಹಾರಿದರು. ಅವಳು ರೆಕ್ಕೆಯಿಂದ ಕಣ್ಣು ಕೀಳಲಿಲ್ಲ.