ಎಳೆಗತ್ತಿಯ ಹಿಡಿ

ಅತ್ತಿಗೆಯ ಜಡೆಯಲ್ಲಿ ಮಲ್ಲಿಗೆಯ ಜೊತೆಗೆ ಸದಾ ಮರದ ಸಿಪ್ಪೆಯ ಸುರುಳಿಗಳೂ ಸಿಕ್ಕಿಕೊಂಡಿರುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಕೊಳಕಿ ಅನ್ನಬಹುದಿತ್ತು. ಹಾಳಾದವಳಿಗೆ ಅದೂ ಒಪ್ಪುತ್ತಿತ್ತು.

ನಮ್ಮಪ್ಪ ರೈಲ್ವೆಯಲ್ಲಿ ಬಡಗಿ. ರಜೆ ಬಂತೆಂದರೆ ಮಾಧವರಂ ಮನೆಯ ತಾರಸಿಯ ಮೇಲೆ ಕೂತು ಮರದ ಬಿಲ್ಲು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಪಕ್ಕಕ್ಕೆ ಹೋದರೆ, “ಕೈ ಕುಯ್ಕೊಳ್ತೀಯ, ಆ ಕಡೆ ಹೋಗು” ಎಂದು ಅಟ್ಟುತ್ತಿದ್ದರು. ಅಣ್ಣನ ಹೆಂಡತಿಯಾಗಿ ಇವಳು ಬಂದಳು ನೋಡಿ, ಅದೇ ಅಪ್ಪ ತಾವಾಗಿಯೇ ಕರೆದು ಉಳಿ ಕೊಟ್ಟರು! ಮಾವ, ಸೊಸೆ ಶುಕ್ರವಾರವಾದರೆ ಪಲ್ಲಾವರಂ ಸಂತೆಗೆ ಹಳೆ ಹತಾರ ಹುಡುಕಲು ಹೊರಡುವರು. ನನ್ನನ್ನು ಒಂದು ಸಲವಾದರೂ ಕರೆದರೇ?

ಒಮ್ಮೆ ಕರೆಯದೆಯೇ ಹೋದೆ. ಥಳಥಳ ಹೊಳೆಯುವ ಅರವೊಂದನ್ನು ಎತ್ತಿಕೊಂಡೆ. ಅತ್ತಿಗೆ ತುಕ್ಕು ಹಿಡಿದ ಉಳಿಯೊಂದನ್ನು ತೆಗೆದು, ಅಲಗಿನ ಕಡೆ ನೋಡದೆ, ಕಣ್ಣು ಮುಚ್ಚಿ ಅದರ ಹಿಡಿಯನ್ನು ಅಂಗೈಯಲ್ಲಿ ಹೊರಳಿಸುತ್ತಾ ನಿಂತಳು.

“ಅಲಗು ಮಸೆದ್ರೆ ಬರತ್ತೆ ಕಣೇ. ಹಿಡಿ ಮಾತ್ರ ಅವರವರ ಕೈದೇ ಆಗ್ಬೇಕು. ಇಲ್ದಿದ್ರೆ ಮರ ನಮ್ಮ ಮಾತು ಕೇಳಲ್ಲ.”

“ಸೂಪರ್ ಮಾ!” ಅಂದರು ಅಪ್ಪ. ನಾನು ಅರವನ್ನು ಇದ್ದಲ್ಲಿಗೇ ಕುಕ್ಕಿದೆ.

ಸುಳ್ಳು ಯಾಕೆ ಹೇಳಲಿ, ಕೆಲಸ ಅವಳಿಗೆ ಒಲಿದಿತ್ತು. ಕೊನೆಯ ಹಂತದಲ್ಲಿ ಒಡೆದ ಗಾಜಿನ ಚೂರಿನಿಂದ ಬಿಲ್ಲನ್ನು ಹೆರೆಯುವಳು, ಬಗ್ಗಿಸಿ ನೋಡುವಳು, ಮತ್ತೆ ಹೆರೆಯುವಳು. ಇನ್ನೊಂದಿಷ್ಟು ತೆಗೆಯೋಣವೆಂದು ನಮಗನ್ನಿಸುವಾಗ ಕೈ ಒರೆಸಿಕೊಂಡು ಏಳುವಳು. “ಹೆರೆದಿದ್ದು ವಾಪಸ್ ಬರಲ್ಲಪ್ಪಾ” ಎಂಬುದು ಅವಳ ಮಾತು. ಅವಳ ಬಿಲ್ಲು ಮುರಿದದ್ದನ್ನು ನಾನು ಎಂದೂ ನೋಡಿಲ್ಲ. ಮುರಿಯಲಿ ಎಂದು ಕಾದದ್ದುಂಟು.

ಅಪ್ಪನ ಕಣ್ಣು ಮಂಜಾದ ವರ್ಷ, ಆಯುಧಪೂಜೆಯ ದಿನ, ಅವರು ತಮ್ಮ ಎಳೆಗತ್ತಿಯನ್ನು ಎಲ್ಲರೆದುರು ಅವಳಿಗೆ ಕೊಟ್ಟರು. ಎರಡೂ ತುದಿಗೆ ಹಿಡಿ ಇರುವ, ಎದೆಯ ಕಡೆಗೆ ಎಳೆದು ಮರ ಕೆತ್ತುವ ಕತ್ತಿ ಅದು. ಅಪ್ಪನ ಬೆರಳುಗಳು ಸವೆಸಿದ ಗುರುತು ಆ ಹಿಡಿಗಳಲ್ಲಿತ್ತು. ನನಗೆ ಬೇಕಿದ್ದದ್ದು ಅದೊಂದೇ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುವಾರ ನೋಡುತ್ತೇನೆ, ಎಳೆಗತ್ತಿಗೆ ಹೊಸ ಹಿಡಿ!

“ಅಪ್ಪನ ಹಿಡಿ ಎಲ್ಲೇ? ಒಲೆಗೆ ಹಾಕಿದ್ಯಾ?” ಎಂದು ಕೂಗಾಡಿದೆ.

“ಆ ಹಿಡಿ ನನ್ ಕೈಗೆ ಕೂರಲ್ಲ ಕಣೇ” ಎಂದಳು, ಅಷ್ಟೇ. ಅಂದಿನಿಂದ ಅವಳ ಜೊತೆ ಬಾಯಿತುಂಬ ಮಾತಾಡಲಿಲ್ಲ. ಅಪ್ಪ ಹೋದಾಗಲೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತೆವು.

ಕಳೆದ ವರ್ಷ ಅತ್ತಿಗೆಯೂ ಹೋದಳು. ಹದಿಮೂರನೆಯ ದಿನ ಕಳೆದ ಮೇಲೆ ಅಣ್ಣ ಎಳೆಗತ್ತಿ ತಂದು ನನ್ನ ಮುಂದಿಟ್ಟ. ಜೊತೆಗೆ ಅವಳ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಪುಟ್ಟ ಗಂಟು. ಬಿಚ್ಚಿದರೆ ಅಪ್ಪನ ಹಿಡಿಗಳು. ಎಣ್ಣೆ ಸವರಿ ಸವರಿ ಕಪ್ಪಗೆ ಮಿರುಗುತ್ತಿದ್ದವು.

“ಆಸ್ಪತ್ರೆಯಲ್ಲಿ ಹೇಳಿದ್ಳು,” ಎಂದ ಅಣ್ಣ. “‘ನಂಗೆ ಅಲಗು ಸಾಕಿತ್ತು ರೀ. ಹಿಡಿ ಮಾವನ ಮಗಳದು. ನಾನು ಹಿಡಿದ್ರೆ ಮಾವನ ಬೆರಳಿನ ಗುರುತು ಅಳಿಸಿ ಹೋಗತ್ತೆ’ ಅಂತ.”

ನೋಡಿದಿರಾ, ಇದರಲ್ಲೂ ಅವಳೇ ಗೆದ್ದಳು! ಬದುಕಿದ್ದಾಗ ಹೇಳಿದ್ದರೆ ಒಂದು ಜಗಳವನ್ನಾದರೂ ನೆಟ್ಟಗೆ ಆಡುತ್ತಿದ್ದೆ.

ಈಗ ತಾರಸಿಯ ಮೇಲೆ ನಾನೂ ಮರ ಕೆತ್ತುತ್ತೇನೆ. ಅಪ್ಪನ ಹಿಡಿಗಳು ಅದೇ ಸೀರೆ ತುಂಡಿನಲ್ಲಿವೆ. ಕತ್ತಿಗೆ ಅವಳ ಹಿಡಿಯೇ ಇದೆ. ನನ್ನ ಕೈಗೆ ಅದು ಕೂರುವುದಿಲ್ಲ, ಬೊಬ್ಬೆ ಏಳುತ್ತದೆ. ಬದಲಾಯಿಸಲು ಮನಸ್ಸು ಬರುತ್ತಿಲ್ಲ.