ಉಗುರಿನಡಿಯ ಅರಶಿನ

ಹೇಳಿದರೆ ಒಬ್ಬಳ ಅನ್ನ ಹೋಗುತ್ತದೆ. ಹೇಳದೆ ಉಳಿದು, ನಾಳೆ ಇನ್ನೊಂದು ಹಿರಿಜೀವ ಹಾಸಿಗೆ ಹಿಡಿದರೆ ಆ ಪಾಪ ಯಾರ ತಲೆಗೆ? ಅಷ್ಟಕ್ಕೂ ತಾನೇ ಎರಡು ವರ್ಷದ ಹಿಂದೆ ಇಲ್ಲಿಗೆ ಬಂದು ಕಲಿಸಿ ಹೋದದ್ದು. ಕಲಿಸಿದ್ದು ನಿಲ್ಲಲಿಲ್ಲ ಎಂದಾದರೆ ಮೊದಲು ಹೇಳಬೇಕಾದ ಹೆಸರು ಯಾರದ್ದು?

ಮೂಡುಬಿದಿರೆಯ ಹೊರವಲಯದ ಒಂದು ವೃದ್ಧಾಶ್ರಮದ ಹಿಂಬದಿಯಲ್ಲಿ, ಬೆಳಿಗ್ಗೆ ಆರೂವರೆಗೆ, ಲೋಕನಾಥರ ತಲೆಯೊಳಗೆ ಇದು ಸುತ್ತುತ್ತಿದೆ. ಎದುರಿನ ನಳ್ಳಿಗಳ ಸಾಲಿನಲ್ಲಿ ಐದು ಮಂದಿ ಹೆಂಗಸರು ಕಣ್ಣು ಮುಚ್ಚಿ ಕೈ ತೊಳೆಯುತ್ತಿದ್ದಾರೆ. ಎಲ್ಲರೂ ಇಲ್ಲಿಯ ಆರೈಕೆಯವರು. ಹಿರಿಯರನ್ನು ಎಬ್ಬಿಸುವುದು, ಮೀಯಿಸುವುದು, ಚಡ್ಡಿ ಬದಲಿಸುವುದು, ಗಂಜಿ ಉಣಿಸುವುದು ಎಲ್ಲ ಈ ಹತ್ತು ಕೈಗಳ ಕೆಲಸ. ಈಗ ಆ ಕೈಗಳು ಮಣಿಕಟ್ಟಿನವರೆಗೂ ಹಳದಿ.

ತೆಂಗಿನೆಣ್ಣೆಯಲ್ಲಿ ಕಲಸಿದ ಅರಶಿನ. ಲೋಕನಾಥರ ಪಾಠ ಶುರುವಾಗುವುದೇ ಅದನ್ನು ಹಚ್ಚುವುದರಿಂದ. ಬಟ್ಟೆ ಒಗೆಯುವ ಬಾರ್ ಸಾಬೂನು ತಾಗಿದ ಕಡೆ ಅರಶಿನ ಕೆಂಪಗಾಗಿ ನೀರಿನೊಂದಿಗೆ ಇಳಿಯುತ್ತದೆ. ಸಾಬೂನು ತಾಗದ ಜಾಗ ಹಳದಿಯಾಗಿಯೇ ಉಳಿಯುತ್ತದೆ. ಕಣ್ಣು ಮುಚ್ಚಿಸುವುದಕ್ಕೂ ಕಾರಣ ಉಂಟು. "ಕಣ್ಣು ಬಿಟ್ಟರೆ ನನಗೆ ತೋರಿಸ್ಲಿಕ್ಕೆ ತೊಳೀತಾರೆ. ಕಣ್ಣು ಮುಚ್ಚಿದ್ರೆ ದಿನಾ ಹೇಗೆ ತೊಳೀತಾರೋ ಹಾಗೇ ತೊಳೀತಾರೆ" ಎನ್ನುತ್ತಾರೆ ಅವರು.

"ಲೋಕಣ್ಣ, ಕಣ್ಣು ಬಿಡ್ಲಾ? ಮದುಮಗಳ ಹಾಗೆ ಎಷ್ಟು ಹೊತ್ತು ನಿಲ್ಲುದು?" ಐವರಲ್ಲಿ ಕಿರಿಯಳಾದ ನಿಖಿತಾ ಕೇಳುತ್ತಾಳೆ.

"ಮದುಮಗಳಾದ್ರೆ ಇಡೀ ದಿನ ನಿಲ್ತಿದ್ದಿ. ಅರ್ಧ ಗಳಿಗೆ ನಿಲ್ಲು ಮಾರಾಯ್ತಿ."

"ನಮ್ಮಲ್ಲಿ ಮದುಮಗಳಿಗೆ ಮದರಂಗಿ. ಮಾಸ್ಟ್ರು ನನಗೆ ಅರಶಿನ ಹಚ್ಚಿ ಮರ್ಯಾದೆ ತೆಗೆದ್ರು" ಎಂದು ಫಾಯಿಝಾ ಕಣ್ಣು ಮುಚ್ಚಿಕೊಂಡೇ ನಗುತ್ತಾಳೆ.

ಲೋಕನಾಥರು ಕೈಯಲ್ಲೊಂದು ತೆಂಗಿನ ಕಡ್ಡಿ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಹಳದಿ ಉಳಿದ ಜಾಗಕ್ಕೆ ಕಡ್ಡಿಯ ತುದಿ ತಾಗಿಸುತ್ತಾರೆ. ತಾಗಿಸಿಕೊಂಡವಳು ಮಾತ್ರ ಕಣ್ಣು ತೆರೆದು, ನೋಡಿ, ಮತ್ತೆ ಮುಚ್ಚಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಬಾರದೆಂಬುದು ಅವರ ನಿಯಮ. ಬೆರಳ ಸಂದಿಯಲ್ಲಿ, ಉಂಗುರದ ಅಡಿಯಲ್ಲಿ, ಮಣಿಕಟ್ಟಿಗೆ ಕಟ್ಟಿದ ದೇವರ ನೂಲಿನ ಸುತ್ತ ಒಂದಿಷ್ಟು ಹಳದಿ ಎಲ್ಲರಲ್ಲೂ ಇದೆ. ಒಂದು ಜೋಡಿ ಕೈಯ ಎದುರು ಮಾತ್ರ ಕಡ್ಡಿ ನಿಲ್ಲುತ್ತದೆ. ಹೆಬ್ಬೆರಳ ಉದ್ದ ಉಗುರಿನ ಅಡಿಯಲ್ಲಿ ಹಚ್ಚಿದ ಅರಶಿನ ಹಚ್ಚಿದಂತೆಯೇ ಕೂತಿದೆ. ಆ ಹೆಂಗಸು ಕಣ್ಣು ತೆರೆಯುತ್ತಾಳೆ. ಉಗುರು ನೋಡುತ್ತಾಳೆ, ಆಮೇಲೆ ಅವರ ಮುಖ ನೋಡುತ್ತಾಳೆ. ಲೋಕನಾಥರು ಅದೇ ನಿಧಾನದಲ್ಲಿ ಮುಂದಿನವಳ ಬಳಿಗೆ ಹೋಗುತ್ತಾರೆ.

ಹೋದ ತಿಂಗಳು ಈ ಆಶ್ರಮದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹಿರಿಯರಿಗೆ ವಾಂತಿಭೇದಿ ಹಿಡಿಯಿತು. ಹೆಚ್ಚಿನವರು ಗಂಜಿನೀರು, ಉಪ್ಪು, ಸಕ್ಕರೆಯಲ್ಲೇ ಚೇತರಿಸಿಕೊಂಡರು. ಪಾತುಮ್ಮ ಎಂಬ ಅಜ್ಜಿಯನ್ನು ಮಾತ್ರ ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಈ ಸೋಮವಾರ ಹಿಂದೆ ಬಂದಿದ್ದಾರೆ. ಹಿಂದೆ ಬಂದದ್ದು ಅರ್ಧ ಪಾತುಮ್ಮ ಎಂದು ಪಕ್ಕದ ಮಂಚದ ಸುಬ್ಬಪ್ಪಜ್ಜ ಹೇಳುತ್ತಾರೆ. ಭಾನುವಾರ ಹಿರಿಯರ ಮನೆಯವರ ಸಭೆ. ಯಾರ ಕೈಯಿಂದ ಬಂತು ಎಂಬ ಪ್ರಶ್ನೆಗೆ ಮ್ಯಾನೇಜರ್ ನಿಝಾಮುದ್ದೀನ್ ಉತ್ತರ ಕೊಡಬೇಕು. ಅದಕ್ಕಾಗಿಯೇ ಅವರು ಲೋಕನಾಥರನ್ನು ಕರೆಸಿದ್ದು. "ಪರೀಕ್ಷೆ ಮಾಡಿ ಒಂದು ಹೆಸರು ಹೇಳಿ. ನಾನು ಬೊಬ್ಬೆ ಹಾಕುದಿಲ್ಲ, ಸುಮ್ಮನೆ ಕೆಲಸದಿಂದ ಬಿಡಿಸ್ತೇನೆ" ಎಂದು ಫೋನಿನಲ್ಲಿ ಹೇಳಿದ್ದರು.

ಲೋಕನಾಥರಿಗೆ ಅರವತ್ತು ದಾಟಿದೆ. ಮನೆ ಬಿ.ಸಿ.ರೋಡಿನಿಂದ ಸ್ವಲ್ಪ ಒಳಗೆ. ಮಂಗಳೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ದುಡಿದರು. ಡಾಕ್ಟರುಗಳು ಮೊಣಕೈವರೆಗೆ ತೊಳೆಯುವುದನ್ನು ನೋಡುತ್ತ, ಸಾಬೂನು ತುಂಬಿಸುತ್ತ, ನೆಲ ಒರಸುತ್ತ ಕಳೆದ ಕಾಲ ಅದು. ನಿವೃತ್ತಿಯಾದ ಮೇಲೆ, ಕೊರೋನಾದ ದಿನಗಳಲ್ಲಿ, ಬಂಟ್ವಾಳದ ಒಂದು ಆಶ್ರಮದವರು ಕೈ ತೊಳೆಯುವುದನ್ನು ತೋರಿಸಿ ಕೊಡಿ ಎಂದು ಕರೆದರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಅವರಿಗೆ ಕರೆ ಬರುತ್ತದೆ. ಮೊದಲ ಬಸ್ಸಿಗೆ ಹೊರಟರೆ ಕಂಡಕ್ಟರ್ "ಸಾಬೂನು ಮಾಸ್ಟ್ರೆ, ಇವತ್ತು ಯಾವ ಊರಿನ ಕೈ?" ಎಂದು ಕೇಳುವಷ್ಟು ಪರಿಚಿತರು. ಚೀಲದಲ್ಲಿ ಎಣ್ಣೆ, ಅರಶಿನ, ಸಾಬೂನು, ಉಗುರು ಕತ್ತರಿಸುವ ಕಟ್ಟರ್ ಇರುತ್ತವೆ.

ಹೋದಲ್ಲೆಲ್ಲ ಒಂದೇ ತಪ್ಪು ಕಾಣುತ್ತದೆ. ಉಣ್ಣುವುದು ಬಲಗೈಯಲ್ಲಿ, ಉಂಡ ಮೇಲೆ ತೊಳೆಯುವುದೂ ಬಲಗೈಯನ್ನೇ. ಎಡಗೈ ನಳ್ಳಿ ತಿರುಗಿಸುತ್ತದೆ, ಚೊಂಬು ಹಿಡಿಯುತ್ತದೆ. ಚಿಕ್ಕಂದಿನಿಂದ ಬಂದ ಆ ಅಭ್ಯಾಸ ಕೆಲಸಕ್ಕೂ ಬರುತ್ತದೆ. ಹಿರಿಯರನ್ನು ಶುಚಿಮಾಡುವ ಎಡಗೈಗೆ ಮೇಲ್ಮೇಲೆ ಒಂದಿಷ್ಟು ನೀರು, ಅನ್ನ ಮುಟ್ಟುವ ಬಲಗೈಗೆ ಎಲ್ಲ ಉಪಚಾರ. "ಬಲಗೈಗೆ ಎಡಗೈ ಸೇವೆ ಮಾಡ್ತದೆ. ಎಡಗೈಗೆ ಯಾರೂ ಇಲ್ಲ. ಅದು ಅನಾಥ" ಎನ್ನುತ್ತಾರೆ ಲೋಕನಾಥರು. ಅಳದಂಗಡಿ ಕಡೆಯ ಆಶ್ರಮವೊಂದರಲ್ಲಿ ಹೀಗೆ ಹೇಳಿದಾಗ ಅಲ್ಲಿನ ಅಡುಗೆಯವರು, "ಹಾಗಾದ್ರೆ ಎಡಗೈಯನ್ನೂ ಇಲ್ಲಿಗೇ ಸೇರಿಸುವ" ಎಂದಿದ್ದರಂತೆ.

ಮೂಡುಬಿದಿರೆಯ ನಳ್ಳಿಗಳ ಬಳಿ ಈಗ ಉಗುರಿನ ಮಾತು ಎದ್ದಿದೆ. ಐವರಲ್ಲಿ ರಾಜೀವಿ, ಫಾಯಿಝಾ, ಸೇಸಮ್ಮ ಮೂವರಿಗೆ ಹೆಬ್ಬೆರಳ ಉಗುರು ಉದ್ದವಿದೆ. ಶೋಕಿಗಲ್ಲ. ಮೂವರೂ ಇಲ್ಲಿಯ ಪಾಳಿ ಮುಗಿಸಿ ಮನೆಯಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಬಿದಿರಿನ ಗೆರಸೆ ಮಡಿಲಿಗೆ ಹಾಕಿ ಬೀಡಿ ಕಟ್ಟುವವರು. ಸುತ್ತಿದ ಎಲೆಯ ಬಾಯಿಯನ್ನು ಒಳಗೆ ಮಡಚಲು ಉಗುರು ಬೇಕು.

"ಉಗುರು ತೆಗೀಬೇಕು" ಎನ್ನುತ್ತಾರೆ ಲೋಕನಾಥರು.

"ಉಗುರು ತೆಗೆದ್ರೆ ಬೀಡಿಯ ಬಾಯಿ ಹಲ್ಲಿಂದ ಮುಚ್ಚುದಾ?" ರಾಜೀವಿ ಸೊಂಟಕ್ಕೆ ಕೈಯಿಟ್ಟು ಕೇಳುತ್ತಾಳೆ. "ಬಾಯಿ ಸರಿ ಇಲ್ಲದಿದ್ರೆ ಬೀಡಿ ಕೊಡುವ ಬ್ರಾಂಚಿನಲ್ಲಿ ಕಟ್ಟು ಕಟ್ಟೇ ಬಿಸಾಡ್ತಾರೆ. ನಿಮಗೆ ಗೊತ್ತುಂಟಾ ಅದು?"

"ಗೊತ್ತುಂಟು. ನನ್ನ ಅಮ್ಮ ಕಟ್ಟಿದ್ದರಲ್ಲೇ ನಾನು ಉಂಡದ್ದು."

"ಮತ್ತೆ?"

"ಅವರಿಗೆ ವಯಸ್ಸಾದ ಮೇಲೆ ಉಗುರು ಸೀಳ್ತಿತ್ತು. ತಗಡಿನ ಉಗುರು ಮಾಡಿಸಿ ಹಾಕ್ತಿದ್ರು, ಉಂಗುರದ ಹಾಗೆ. ಕಟ್ಲಿಕ್ಕೆ ಕೂತಾಗ ಹಾಕುದು, ಎದ್ದಾಗ ತೆಗೆಯುದು. ಮೂವರಿಗೂ ನಾನು ಮಾಡಿಸಿ ತರ್ತೇನೆ. ಇವತ್ತು ಇದನ್ನು ತೆಗೆಯುವ."

ಹಿರಿಯಳಾದ ಸೇಸಮ್ಮ ಕಟ್ಟರಿಗೆ ಕೈ ಚಾಚುತ್ತಾಳೆ. "ತೆಗೀರಿ. ಉಗುರು ಪುನಃ ಬರ್ತದೆ." ಮೂವರ ಉಗುರೂ ಅಂಗಳದ ಬದಿಯ ಬಾಳೆಬುಡಕ್ಕೆ ಬೀಳುತ್ತದೆ. ಆಮೇಲೆ ಐವರೂ ಕೈ ಒರಸಿಕೊಂಡು ಒಳಗೆ ಹೋಗುತ್ತಾರೆ. ಒರಸಿದ್ದು ಮೊಳೆಗೆ ನೇತು ಹಾಕಿದ ಒಂದೇ ಟವೆಲಿಗೆ, ಊರ ಮಾತಿನ ಬೈರಾಸಿಗೆ. ಲೋಕನಾಥರು ಆ ಬೈರಾಸನ್ನು ನೋಡುತ್ತ ನಿಲ್ಲುತ್ತಾರೆ.

ಹೆಸರು ಹುಡುಕುವುದನ್ನು ಅವರು ಹಿಂದೆಯೂ ಕಂಡವರು. ಆಸ್ಪತ್ರೆಯಲ್ಲಿ ಒಮ್ಮೆ ಒಂದರ ಹಿಂದೆ ಒಂದು ಗಾಯ ಕೀವಾಗತೊಡಗಿತು. ವಿಚಾರಣೆ ಮೇಲಿನಿಂದ ಇಳಿಯುತ್ತ ಇಳಿಯುತ್ತ ಗುಡಿಸುವ ಹೆಂಗಸಿನ ಬಳಿ ಬಂದು ನಿಂತಿತು. ಅವಳನ್ನು ಕಳಿಸಿದರು. ಕೀವು ನಿಲ್ಲಲಿಲ್ಲ. ತಿಂಗಳ ಮೇಲೆ ಯಾರೋ ಸಾಬೂನಿನ ಬಟ್ಟಲು ಎತ್ತಿ ನೋಡಿದರೆ ಅದರ ತಳದಲ್ಲಿ ಲೋಳೆ ಕಟ್ಟಿತ್ತು. "ಹೆಸರು ಸಿಕ್ಕಿದ ಮೇಲೆ ಮತ್ತೆ ಯಾರೂ ಬಟ್ಟಲು ನೋಡುದಿಲ್ಲ" ಎನ್ನುತ್ತಾರೆ. ಈ ಮಾತನ್ನು ಅವರು ಹೇಳುವುದು ಬಹಳ ಮೆಲ್ಲಗೆ. ಹೇಳಿ, ಸ್ವಲ್ಪ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾರೆ.

ಬೈರಾಸನ್ನು ಮಡಚದೆ ಹಾಗೆಯೇ ಹಿಡಿದುಕೊಂಡು ಅವರು ಆಫೀಸಿಗೆ ಹೋಗುತ್ತಾರೆ.

"ಕೂತ್ಕೊಳ್ಳಿ ಲೋಕಣ್ಣ. ಚಾ ತರಿಸ್ತೇನೆ" ಎನ್ನುತ್ತಾರೆ ನಿಝಾಮುದ್ದೀನ್. ನಿದ್ದೆಗೆಟ್ಟ ಮುಖ. ಪಾತುಮ್ಮನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಇವರೇ. "ಯಾರಂತ ಗೊತ್ತಾಯ್ತಾ?"

ಲೋಕನಾಥರು ಬೈರಾಸನ್ನು ಮೇಜಿನ ಮೇಲೆ ಹರಡುತ್ತಾರೆ. ಅದರ ತುಂಬ ಹಳದಿ, ಕೆಂಪು ಕಲೆ. "ಐದು ಜನ ಇದರಲ್ಲೇ ಒರಸಿದ್ದು. ದಿನಾ ಇದರಲ್ಲೇ ಒರಸ್ತಾರೆ. ಈ ಹಳದಿ ಯಾರದ್ದು ಅಂತ ನೀವೇ ಹೇಳಿ."

"ಇದು ನನ್ನ ತಪ್ಪು, ಒಪ್ತೇನೆ. ಆದ್ರೆ ಕೈ ನೋಡಿದ್ದು ನೀವು. ನಿಮಗೆ ಗೊತ್ತುಂಟು."

"ಅರಶಿನ ಇವತ್ತಿನದ್ದು ತೋರಿಸ್ತದೆ. ಹೋದ ತಿಂಗಳಿನದ್ದು ತೋರಿಸುದಿಲ್ಲ."

"ಭಾನುವಾರ ಬರುವವರಿಗೆ ನಾನು ಬೈರಾಸು ತೋರಿಸ್ಲಾ? ಬೈರಾಸನ್ನು ಕೆಲಸದಿಂದ ತೆಗೆದೆವು ಅಂತ ಹೇಳ್ಲಾ?"

"ಹೇಳಿ. ಸಾಕಾಗದಿದ್ರೆ ನನ್ನ ಹೆಸರು ಹೇಳಿ. ಕಲಿಸಿದವ ಸರಿ ಕಲಿಸ್ಲಿಲ್ಲ ಅಂತ."

"ಪುನಃ ಯಾರಿಗಾದ್ರೂ ಹಿಡಿದ್ರೆ?"

"ಹಿಡಿದ್ರೆ ನಾನು ಈ ಕೆಲಸ ಬಿಡ್ತೇನೆ. ಬೇರೆ ಆಶ್ರಮದವರು ಕೇಳಿದ್ರೆ ಇದನ್ನೂ ಹೇಳಿ."

ನಿಝಾಮುದ್ದೀನ್ ಬೈರಾಸನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅದರ ಕಲೆಗಳನ್ನು ನೋಡುತ್ತಾರೆ. ಆಮೇಲೆ ಕೇಳುವುದು ಒಂದೇ ಮಾತು: "ಸಣ್ಣ ಸಣ್ಣ ಬೈರಾಸು ಆದ್ರೆ, ಒಬ್ಬರಿಗೆ ದಿನಕ್ಕೆ ಎಷ್ಟು ಬೇಕಾದೀತು?"

ಅಂದಿನಿಂದ ಫೋನ್ ಸದ್ದಾದರೆ ಲೋಕನಾಥರು ಮೊದಲು ನೋಡುವುದು ಅದು ಮೂಡುಬಿದಿರೆಯದ್ದಾ ಎಂದು. ಅಳದಂಗಡಿಯಲ್ಲಿ ಪಾಠ ಮಾಡುತ್ತಿರುವಾಗ ಒಮ್ಮೆ ಮೂಡುಬಿದಿರೆಯ ನಂಬರ್ ಬಂದು ಕೈಯಲ್ಲಿದ್ದ ಸಾಬೂನು ಜಾರಿ ಬಿತ್ತು. ನಿಖಿತಾ ಮಾಡಿದ್ದು. ತಗಡಿನ ಉಗುರು ಎಲ್ಲಿಗೆ ಬಂತೆಂದು ಮೂವರೂ ಅವಳಿಂದ ಕೇಳಿಸಿದ್ದರು. ಬಂಟ್ವಾಳ ಪೇಟೆಯ ತಗಡಿನ ಕೆಲಸದ ಮೂಸಬ್ಬರಲ್ಲಿ ಲೋಕನಾಥರು ಅಷ್ಟರಲ್ಲಾಗಲೇ ಮೂರನ್ನು ಮಾಡಿಸಿಟ್ಟಿದ್ದರು, ಚರ್ಮಕ್ಕೆ ತಾಗದಂತೆ ಅಂಚು ಮಡಚಿಸಿ.

ತಿಂಗಳು ದಾಟಿದೆ. ಆಶ್ರಮದಲ್ಲಿ ಯಾರಿಗೂ ಏನೂ ಆಗಿಲ್ಲ. ಲೋಕನಾಥರು ಮತ್ತೆ ಬಂದಿದ್ದಾರೆ. ಪಾತುಮ್ಮ ಗೋಡೆ ಹಿಡಿದು ಜಗಲಿವರೆಗೆ ನಡೆದು ಬರುತ್ತಾರೆ. ಸುಬ್ಬಪ್ಪಜ್ಜನ ದೂರು ಬೇರೆ: "ಈಗ ಗಂಜಿಗೆ ಸಾಬೂನಿನ ಪರಿಮಳ ಬರ್ತದೆ ಮಾರಾಯ್ರೆ. ಉಪ್ಪಿನಕಾಯಿ ಜಾಸ್ತಿ ಬೇಕಾಗ್ತದೆ." ನಳ್ಳಿಯ ಮೇಲಿನ ಹಗ್ಗದಲ್ಲಿ ಸಣ್ಣ ಬಿಳಿ ಬೈರಾಸುಗಳು ಒಣಗುತ್ತಿವೆ.

ಮುಂದೇನು ಆಸೆ ಎಂದು ಕೇಳಿದರೆ ಲೋಕನಾಥರು ಸಂಕೋಚಪಡುತ್ತಾರೆ. "ಕೈ ತೊಳೆಯುವಾಗ ನನ್ನ ನೆನಪು ಬರಬಾರದು. ಹಲ್ಲುಜ್ಜುವಾಗ ಕಲಿಸಿದವರ ನೆನಪು ಬರ್ತದಾ? ಇಲ್ಲ ಅಲ್ವಾ? ಹಾಗೆ ಆಗ್ಬೇಕು."

ಅವರು ಕೇಳುವ ಮೊದಲೇ ರಾಜೀವಿ, ಫಾಯಿಝಾ, ಸೇಸಮ್ಮ ಕೈ ಚಾಚುತ್ತಾರೆ, ಎಡಗೈ ಮೊದಲು. ಉಗುರುಗಳೆಲ್ಲ ಬೆರಳಿನ ಮಟ್ಟಕ್ಕೆ ಇವೆ. ಅವುಗಳಲ್ಲೊಂದರ ಎದುರು ಅವರ ಕಡ್ಡಿ ಕಳೆದ ಸಲ ನಿಂತಿತ್ತು. ಈ ಸಲ ಎಲ್ಲಿಯೂ ನಿಲ್ಲುವುದಿಲ್ಲ.

ಅದು ಯಾರ ಕೈ ಎಂದು ಲೋಕನಾಥರು ನಿಝಾಮುದ್ದೀನರಿಗೆ ಹೇಳಲಿಲ್ಲ, ಮನೆಯಲ್ಲಿ ಹೇಳಲಿಲ್ಲ, ಈ ಬರಹಕ್ಕೂ ಹೇಳಲಿಲ್ಲ.