ಗೆಡ್ಡೆ ಹೂಳಬೇಡಿ

ಬೆಳಗಿನ ಐದೂವರೆ. ದಾರದಕ್ಕ ಆಗಲೇ ಮೊಣಕೈವರೆಗೆ ನೀರಿನಲ್ಲಿದ್ದಾರೆ. ನಡುಮನೆಯ ಗೋಡೆಗುಂಟ ಹದಿನಾಲ್ಕು ಗಾಜಿನ ತೊಟ್ಟಿಗಳು. ಒಂದೊಂದೇ ಎಲೆಯ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಸವರಿ ತೆಗೆಯುತ್ತಾರೆ. ಆರನೆಯ ತೊಟ್ಟಿಗೆ ಬರುವಷ್ಟರಲ್ಲಿ ಸೊಂಟ ಮಾತು ಕೇಳುವುದಿಲ್ಲ. ಗಾಜಿನ ಅಂಚಿಗೆ ಹಣೆ ಆನಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.

ಅವರು ಬೆಳೆಸುವುದು ಅನೂಬಿಯಾಸ್ ಎಂಬ ನೀರುಗಿಡ. ದಪ್ಪ ಎಲೆ, ಗಟ್ಟಿ ಜೀವ. ಮಂದ ಬೆಳಕಿದ್ದರೂ ಸಾಯುವುದಿಲ್ಲ, ಎಷ್ಟು ಉಪಚಾರ ಮಾಡಿದರೂ ಅವಸರಪಡುವುದಿಲ್ಲ. ತಿಂಗಳಿಗೊಂದು ಎಲೆ ಬಿಟ್ಟರೆ ಅದೇ ದೊಡ್ಡ ಉಪಕಾರ. ಬಣ್ಣದ ಮೀನಿನ ಅಂಗಡಿಯವರು ಬೇಗ ಕೊಡಿ ಎಂದು ಫೋನ್ ಮಾಡಿದರೆ, ಗಿಡಕ್ಕೇ ಫೋನ್ ಕೊಡ್ತೀನಿ, ನೀವೇ ಹೇಳಿ ಎನ್ನುತ್ತಾರಂತೆ.

ಹೊಲಿಗೆ ಬಿಟ್ಟು ಈ ಕೆಲಸ ಹಿಡಿದು ಹನ್ನೊಂದು ವರ್ಷ. ದಾರ ಮಾತ್ರ ಕೈಬಿಟ್ಟಿಲ್ಲ. ಈ ಗಿಡದ ಗೆಡ್ಡೆಯನ್ನು ಮರಳಲ್ಲಿ ಹೂಳಿದರೆ ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಬೇಕು. ದಿನಕ್ಕೆ ಐದಾರು ಕಲ್ಲು. ದಾರದಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಪ್ರತಿ ಪೊಟ್ಟಣದಲ್ಲೂ ಅವರ ಕೈಬರಹದ ಚೀಟಿ ಇರುತ್ತದೆ: "ಗೆಡ್ಡೆ ಹೂಳಬೇಡಿ."

ಕಳೆದ ತಿಂಗಳು ಟೈಫಾಯಿಡ್ ಬಂದು ಮೂರು ವಾರ ಹಾಸಿಗೆ ಹಿಡಿದರು. ತೊಟ್ಟಿಗಳು ಅತ್ತೆಯ ಪಾಲಿಗೆ ಬಂದವು. ಜೀವನವಿಡೀ ಬೇರೆಯವರ ತೋಟದಲ್ಲಿ ಸಸಿ ನೆಟ್ಟ ಕೈ ಅದು. ಕಿಟಕಿ ಪಕ್ಕದ ತೊಟ್ಟಿಯಲ್ಲಿ ತಾಯಿಗಿಡದ ಬೇರು ಬರಿದೇ ನೇತಾಡುವುದು ಕಂಡು ಅಯ್ಯೋ ಪಾಪ ಅನ್ನಿಸಿದೆ. ದಾರ ಬಿಚ್ಚಿ, ಗೆಡ್ಡೆಯನ್ನು ಮರಳಿಗೆ ಒತ್ತಿ, ಚೆನ್ನಾಗಿ ಮುಚ್ಚಿದ್ದಾರೆ. ಈ ಮನೆಯ ಗಿಡಗಳೆಲ್ಲ ಆ ಒಂದರ ತುಂಡುಗಳೇ. ದಾರದಕ್ಕ ಎದ್ದು ಬಂದು ಮುಟ್ಟಿದಾಗ ಗೆಡ್ಡೆ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಕೆಟ್ಟದ್ದನ್ನೆಲ್ಲ ಕತ್ತರಿಸಿದ ಮೇಲೆ ಉಳಿದದ್ದು ಕಿರುಬೆರಳಷ್ಟು ತುಂಡು, ಎರಡು ಎಲೆ. ಅದನ್ನೇ ಮತ್ತೆ ಕಲ್ಲಿಗೆ ಕಟ್ಟಿ ಅದೇ ತೊಟ್ಟಿಗೆ ಇಳಿಸಿದರು.

"ಊರಿಗೆಲ್ಲ ಚೀಟಿ ಬರ್ಕೊಟ್ಟೆ. ಮನೇಲಿರೋರಿಗೆ ಬಾಯ್ಬಿಟ್ಟು ಹೇಳ್ಲಿಲ್ಲ. ಅವರಿಗೆ ಓದೋಕೆ ಬರಲ್ಲ ಅಂತ ನನಗೆ ಗೊತ್ತಿತ್ತಲ್ಲ" ಎನ್ನುವಾಗ ದನಿಯಲ್ಲಿ ಸಿಟ್ಟಿಲ್ಲ, ದಣಿವಷ್ಟೇ ಇದೆ.

ಅತ್ತೆ ಅಂದಿನಿಂದ ಅರ್ಧ ಊಟಕ್ಕೇ ಕೈ ತೊಳೆಯುತ್ತಾರೆ. ಬೆಳಗಾದರೆ ಆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು, ಕೈಗಳೆರಡನ್ನೂ ಮಡಿಲಲ್ಲಿ ಬಿಗಿಯಾಗಿ ಕಟ್ಟಿಕೊಂಡು ಕೂರುತ್ತಾರೆ. ಇವತ್ತೂ "ಚಿಗುರು ಬಂತೇನಮ್ಮಾ?" ಎಂದು ಕೇಳಿದರು. ಇನ್ನೂ ಬಂದಿಲ್ಲ.

ಇಷ್ಟು ವರ್ಷದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ, ದಾರದಕ್ಕ ಕಲ್ಲಿಗೆ ದಾರ ಸುತ್ತುತ್ತಲೇ ಹೇಳುತ್ತಾರೆ: "ಮೊದಲಿನಷ್ಟು ದೊಡ್ಡದಾಗೋದು ಬೇಡ. ಒಂದೇ ಒಂದು ಎಲೆ ಬಿಡ್ಲಿ. ಅತ್ತೆ ಹೊಟ್ಟೆ ತುಂಬ ಉಣ್ಲಿ."